‘ಗೆಟ್’ ಎಂದರೆ ‘ಪಡೆ’ ಅಷ್ಟೇನಾ?

ಓದುಗರ ಪ್ರಶ್ನೆ: ಶಾಲೆಯಲ್ಲಿ ‘ಗೆಟ್’ ಎಂದರೆ ‘ಪಡೆ’ ಎಂದು ಕಲಿತೆವು. ಆದರೆ ಗೆಟ್ ಆಂಗ್ರಿ, ಗೆಟ್ ಹೋಮ್, ಗೆಟ್ ಅಪ್, ಗಾಟ್ ಟು ಗೋ ಎಂಬಲ್ಲೆಲ್ಲ ಯಾರೂ ಏನನ್ನೂ ಪಡೆದಂತೆ ಕಾಣುವುದಿಲ್ಲ. ಇಷ್ಟೊಂದು ಅರ್ಥಗಳನ್ನು ನೆನಪಿಡುವುದು ಹೇಗೆ?

ಉತ್ತರ: ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ಹೋಗಬೇಡಿ, ಅದು ಮುಗಿಯುವುದಿಲ್ಲ. ‘ಗೆಟ್’ ಆದ ಮೇಲೆ ಎಂಥ ಪದ ಬಂದಿದೆ ಎಂದು ನೋಡಿ. ಬಹುಪಾಲು ಅರ್ಥ ಅಲ್ಲೇ ತೀರ್ಮಾನವಾಗುತ್ತದೆ.

ನಾಮಪದ ಬಂದರೆ ಅದು ಸಿಗುವ, ಬರುವ ಅಥವಾ ತಂದುಕೊಡುವ ಮಾತು. ‘ಐ ಗಾಟ್ ಎ ಜಾಬ್’ – ನನಗೆ ಕೆಲಸ ಸಿಕ್ಕಿತು. ‘ಐ ಗಾಟ್ ಎ ಲೆಟರ್’ – ನನಗೆ ಕಾಗದ ಬಂತು. ‘ಗೆಟ್ ಮಿ ಸಮ್ ವಾಟರ್’ – ಸ್ವಲ್ಪ ನೀರು ತಂದುಕೊಡು. ನಮ್ಮ ‘ನನಗೆ’ ಅಲ್ಲಿ ‘ಐ’ ಆಗಿರುವುದನ್ನು ಗಮನಿಸಿ. ಮೊದಲ ದಿನವೇ ‘ಪಡೆ’ ಬದಲು ‘ಸಿಗು’ ಎಂದು ಕಲಿಸಿದ್ದರೆ ಅರ್ಧ ಗೊಂದಲ ಹುಟ್ಟುತ್ತಲೇ ಇರಲಿಲ್ಲ.

ಗುಣವಾಚಕ ಬಂದರೆ ‘ಆಗು’. ‘ಇಟ್ ಗಾಟ್ ಡಾರ್ಕ್’ ಎಂದರೆ ಕತ್ತಲಾಯಿತು. ಕನ್ನಡಿಗರು ಹೆಚ್ಚು ಎಡವುವುದು ಇಲ್ಲೇ. ನಮಗೆ ಸಿಟ್ಟೂ ನಿದ್ದೆಯೂ ‘ಬರುತ್ತವೆ’, ಎರಡೂ ನಾಮಪದಗಳು. ಅದನ್ನೇ ಹಾಗೆ ಎತ್ತಿಟ್ಟು ‘ಐ ಯಾಮ್ ಗೆಟಿಂಗ್ ಸ್ಲೀಪ್’, ‘ಐ ಯಾಮ್ ಗೆಟಿಂಗ್ ಆಂಗರ್’ ಎಂದುಬಿಡುತ್ತೇವೆ. ಬೇಕಾದದ್ದು ಸ್ಲೀಪಿ, ಆಂಗ್ರಿ. ‘ಗೆಟ್ ಸಮ್ ಸ್ಲೀಪ್’ ಎಂಬ ಮಾತೂ ಇದೆ; ಅದರ ಅರ್ಥ ಸ್ವಲ್ಪ ನಿದ್ದೆ ಮಾಡು ಎಂದು. ಆದರೆ ಕಾಯಿಲೆಗಳಿಗೆ ನಾಮಪದವೇ ಸರಿ: ‘ಐ ಗಾಟ್ ಎ ಹೆಡೇಕ್’. ಒಂದು ಸಣ್ಣ ‘ಎ’ ಏನು ಮಾಡಬಲ್ಲದು ನೋಡಿ. ‘ಐ ಗಾಟ್ ಎ ಕೋಲ್ಡ್’ ಎಂದರೆ ನೆಗಡಿಯಾಯಿತು, ‘ಐ ಗಾಟ್ ಕೋಲ್ಡ್’ ಎಂದರೆ ಚಳಿ ಹತ್ತಿತು.

ಮ್ಯಾರೀಡ್, ಬ್ರೋಕನ್, ಕಾಟ್‌ನಂಥ ರೂಪಗಳು ಬಂದರೂ ‘ಆಗು’ವಿನ ಜಾಡೇ. ‘ದಿ ಗ್ಲಾಸ್ ವಾಸ್ ಬ್ರೋಕನ್’ ಎಂಬುದನ್ನು ಲೋಟ ಒಡೆದಿತ್ತು ಎಂದೂ ಯಾರೋ ಒಡೆದರು ಎಂದೂ ಓದಬಹುದು; ‘ಗಾಟ್ ಬ್ರೋಕನ್’ ಎಂದರೆ ಒಡೆದುಹೋದ ಘಟನೆ ಮಾತ್ರ. ಮದುವೆಯ ವಿಷಯದಲ್ಲಿ ಇನ್ನೊಂದು ಎಚ್ಚರ: ನಮ್ಮ ‘ಅವಳ ಜೊತೆ’ ಇಂಗ್ಲಿಷ್‌ನಲ್ಲಿ ‘ವಿತ್’ ಆಗುವುದಿಲ್ಲ. ‘ಹಿ ಗಾಟ್ ಮ್ಯಾರೀಡ್ ಟು ಹರ್’ ಎನ್ನಬೇಕು.

ಕನ್ನಡದ ‘ಮಾಡಿಸು’ ಕೆಲಸವನ್ನೂ ಗೆಟ್ ಮಾಡುತ್ತದೆ. ‘ಐ ಕಟ್ ಮೈ ಹೇರ್’ ಎಂದರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಆಡಿಸಿದಿರಿ ಎಂದಾಗುತ್ತದೆ. ಸಲೂನಿಗೆ ಹೋಗಿ ಮಾಡಿಸಿಕೊಂಡಿದ್ದರೆ ‘ಐ ಗಾಟ್ ಮೈ ಹೇರ್ ಕಟ್’. ಪದಗಳ ಸಾಲು ಮುಖ್ಯ: ಮೊದಲು ವಸ್ತು, ಆಮೇಲೆ ಕ್ರಿಯೆ. ‘ಐ ಗಾಟ್ ದ ಬೈಕ್ ರಿಪೇರ್ಡ್’ ಸರಿ, ‘ಐ ಗಾಟ್ ರಿಪೇರ್ಡ್ ದ ಬೈಕ್’ ತಪ್ಪು. ವಸ್ತುವಿನ ಜಾಗದಲ್ಲಿ ವ್ಯಕ್ತಿ ಇದ್ದು, ಕೆಲಸ ಅವನ ಕೈಯಿಂದಲೇ ಆಗಬೇಕಿದ್ದರೆ ನಡುವೆ ‘ಟು’ ಬರುತ್ತದೆ: ‘ಐ ಗಾಟ್ ಹಿಮ್ ಟು ಸೈನ್’. ಒಪ್ಪಿಸಿ ಸಹಿ ಹಾಕಿಸಿದೆ ಎಂಬ ಧಾಟಿ ಇದು. ‘ಐ ಮೇಡ್ ಹಿಮ್ ಸೈನ್’ನಲ್ಲಿ ‘ಟು’ ಇಲ್ಲ, ಒತ್ತಾಯ ಇದೆ.

ಮುಂದೆ ಸ್ಥಳ ಬಂದರೆ ತಲುಪುವುದು. ‘ಗೆಟ್ ಟು ಮೈಸೂರು’, ಆದರೆ ‘ಗೆಟ್ ಹೋಮ್’, ‘ಗೆಟ್ ಹಿಯರ್’. ಈ ಎರಡಕ್ಕೆ ‘ಟು’ ಬೇಡ. ವಾಹನಗಳಿಗೆ ಬೇರೆಯೇ ಲೆಕ್ಕ. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ಬೈಕು, ಕುದುರೆಯಂತೆ ಕಾಲು ಹಾಕಿ ಕೂರುವುದಕ್ಕೂ ಅದೇ. ಬಗ್ಗಿ ಒಳಹೊಕ್ಕು ಕೂರುವ ಕಾರು, ಆಟೋಗೆ ಗೆಟ್ ಇನ್, ಗೆಟ್ ಔಟ್ ಆಫ್. ಹಾಗಾಗಿ ಕಾರಿನ ಬಾಗಿಲು ತೆಗೆದು ಯಾರಾದರೂ ‘ಗೆಟ್ ಔಟ್’ ಎಂದರೆ ಬೈದರೆಂದೇ ತಿಳಿಯಬೇಕಿಲ್ಲ. ನಮ್ಮಲ್ಲಿ ಬಸ್ಸಿಗೂ ‘ಗೆಟ್ ಡೌನ್’ ಎನ್ನುವುದು ರೂಢಿ. ಭಾರತದೊಳಗೆ ಅದರಿಂದ ತೊಂದರೆಯೇನಿಲ್ಲ. ಲಂಡನ್ನಿನಲ್ಲಿ ಅದು ಮರದಿಂದಲೋ ಏಣಿಯಿಂದಲೋ ಇಳಿದಂತೆ ಕೇಳಿಸುತ್ತದೆ.

ಅಪ್, ಓವರ್‌ನಂಥ ಚಿಕ್ಕ ಪದ ಅಂಟಿಕೊಂಡಾಗ ಮಾತ್ರ ಜೋಡಿಯನ್ನೇ ಕಲಿಯದೆ ವಿಧಿಯಿಲ್ಲ. ‘ವೇಕ್ ಅಪ್’ ಎಚ್ಚರವಾಗುವುದು, ‘ಗೆಟ್ ಅಪ್’ ಹಾಸಿಗೆ ಬಿಟ್ಟು ಏಳುವುದು. ‘ಗೆಟ್ ಓವರ್’ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು. ‘ಗೆಟ್ ಅಲಾಂಗ್’ ಹೊಂದಿಕೊಂಡು ಹೋಗುವುದು.

‘ಹ್ಯಾವ್ ಗಾಟ್’ ರೂಪದಲ್ಲಿ ಭೂತಕಾಲದ ವಾಸನೆಯೇ ಇಲ್ಲ. ‘ಐ ಹ್ಯಾವ್ ಗಾಟ್ ಟು ಬ್ರದರ್ಸ್’ ಎಂದರೆ ಇಬ್ಬರು ಸೋದರರು ಇದ್ದಾರೆ. ‘ಐ ಹ್ಯಾವ್ ಗಾಟ್ ಟು ಗೋ’ ಎಂದರೆ ಹೋಗಲೇಬೇಕು. ನೀವು ಕೇಳಿದ ‘ಗಾಟ್ ಟು ಗೋ’ ಇದರದೇ ಮೊಟಕು ರೂಪ. ಅಮೆರಿಕನ್ನರು ಸಿಕ್ಕಿದೆ, ಆಗಿದೆ ಎನ್ನುವಲ್ಲಿ ‘ಹ್ಯಾವ್ ಗಾಟನ್’ ಎನ್ನುತ್ತಾರೆ. ಅದು ಅವರು ಕಟ್ಟಿದ ರೂಪವಲ್ಲ. ಬ್ರಿಟನ್ನಿನಲ್ಲಿ ಬಳಕೆ ತಪ್ಪಿದ ಹಳೆಯ ರೂಪ ಅಲ್ಲಿ ಉಳಿದುಕೊಂಡಿದೆ. ಬ್ರಿಟಿಷರ ‘ಫರ್ಗಾಟನ್’ನಲ್ಲಿ ಅದು ಈಗಲೂ ಇದೆ.

‘ಗೊತ್ತಾಯಿತು’ ಎನ್ನಲು ನಾವು ಬಳಸುವ ‘ಐ ಗಾಟ್ ಟು ನೋ’ ಬಗ್ಗೆಯೂ ಹೇಳಬೇಕು. ಹೊರಗಿನವರಿಗೆ ಅದು ಹೆಚ್ಚಾಗಿ ಒಬ್ಬರ ಪರಿಚಯ ನಿಧಾನವಾಗಿ ಬೆಳೆದದ್ದನ್ನು ಹೇಳುವ ಮಾತು. ಸುದ್ದಿ ತಿಳಿದದ್ದಕ್ಕೆ ‘ಐ ಹರ್ಡ್’ ಅಥವಾ ‘ಐ ಫೌಂಡ್ ಔಟ್’ ಸಾಕು. ಕಚೇರಿ ಪತ್ರ, ಅರ್ಜಿಗಳಲ್ಲಿ ಗೆಟ್ ಸ್ವಲ್ಪ ಸಲುಗೆಯ ಪದ. ಅಲ್ಲಿ ‘ರಿಸೀವ್ಡ್’, ‘ಬಿಕೇಮ್’ ಎಂದೇ ಬರೆಯಿರಿ.