ದೂರದ ಗೆಲಾಕ್ಸಿಯ ಜಲಜನಕ: 21 ಸೆಂ.ಮೀ. ರೇಖೆಯ ಟಿಪ್ಪಣಿ

ಗೆಲಾಕ್ಸಿಯ ಫೋಟೊದಲ್ಲಿ ಕಾಣುವುದು ನಕ್ಷತ್ರಗಳು. ಆ ನಕ್ಷತ್ರಗಳಿಗೆ ಮೂಲ ಸರಕಾದ ತಣ್ಣನೆಯ ಜಲಜನಕ ಅಲ್ಲಿ ಕಾಣುವುದಿಲ್ಲ. ಅದನ್ನು ಹಿಡಿಯಲು ರೇಡಿಯೊ ಬೇಕು.

ಜಲಜನಕದ ಪರಮಾಣುವಿನಲ್ಲಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಸ್ಪಿನ್ (ಕಣದ ಸ್ವಂತ ತಿರುಗುವಿಕೆಯಂಥ ಗುಣ) ಒಂದೇ ದಿಕ್ಕಿಗಿದ್ದರೆ ಶಕ್ತಿ ತುಸು ಹೆಚ್ಚು. ಸ್ಪಿನ್ ಮಗುಚಿದಾಗ ಆ ಹೆಚ್ಚುವರಿ ಶಕ್ತಿ 1420.4 ಮೆಗಾಹರ್ಟ್ಸ್ ಅಲೆಯಾಗಿ, ಅಂದರೆ 21 ಸೆಂ.ಮೀ. ತರಂಗಾಂತರದಲ್ಲಿ ಹೊರಬರುತ್ತದೆ. ಇದೇ 21 ಸೆಂ.ಮೀ. ರೇಖೆ. 1944ರಲ್ಲಿ ನೆದರ್ಲೆಂಡ್ಸ್‌ನ ವ್ಯಾನ್ ಡ ಹುಲ್ಸ್ಟ್ ಇದನ್ನು ಊಹಿಸಿದರು, 1951ರಲ್ಲಿ ಹಾರ್ವರ್ಡ್‌ನ ಯೂಯನ್ ಮತ್ತು ಪರ್ಸೆಲ್ ಹಿಡಿದರು. ಒಂಟಿ ಪರಮಾಣು ತಾನಾಗಿ ಮಗುಚಲು ಸರಾಸರಿ 1 ಕೋಟಿ ವರ್ಷಕ್ಕೂ ಹೆಚ್ಚು ಬೇಕು. ಸಂಕೇತ ಇಷ್ಟು ದುರ್ಬಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ, ಮುಂದಿನದೆಲ್ಲ ಇದರ ಸುತ್ತಲೇ ಇದೆ.

ನಮ್ಮಲ್ಲಿ ಹಲವರು ಎಡವುವ ಜಾಗ ಒಂದಿದೆ. ದೂರದ ಗೆಲಾಕ್ಸಿಯನ್ನು 1420 ಮೆಗಾಹರ್ಟ್ಸ್‌ನಲ್ಲಿ ಹುಡುಕಿದರೆ ಏನೂ ಸಿಗದು. ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗಿರುತ್ತದೆ. ಕೆಂಪು ಪಲ್ಲಟ (ಅಲೆ ಎಷ್ಟು ಪಾಲು ಹಿಗ್ಗಿದೆ ಎಂಬ ಅಳತೆ) 1.29 ಇದ್ದರೆ 1420.4 ಅನ್ನು, ಅದಕ್ಕೆ 1 ಕೂಡಿಸಿದ 2.29ರಿಂದ ಭಾಗಿಸಿ: ಸುಮಾರು 620 ಮೆಗಾಹರ್ಟ್ಸ್, 48 ಸೆಂ.ಮೀ. ತೊಡಕು ಏನೆಂದರೆ, 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಅಂತರರಾಷ್ಟ್ರೀಯ ನಿಯಮವೇ ಖಗೋಳಕ್ಕೆ ಮೀಸಲಿಟ್ಟಿದೆ. 620ಕ್ಕೆ ಆ ರಕ್ಷಣೆ ಇಲ್ಲ, ಅದು ಟಿ.ವಿ. ಪ್ರಸಾರದ ನೆರೆ.

ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ (ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್) ಈ ಆವರ್ತನಗಳಿಗೆ ಹೇಳಿ ಮಾಡಿಸಿದ ದೂರದರ್ಶಕ. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಕನಸಿನ ಕೂಸು. 45 ಮೀಟರ್ ಅಗಲದ 30 ತಟ್ಟೆಗಳು ಸುಮಾರು 25 ಕಿ.ಮೀ. ಹರಡಿವೆ. ಲೆಕ್ಕ ಮಾಡಿ ನೋಡಿ: 48 ಸೆಂ.ಮೀ. ಅಲೆಗೆ ಒಂದೇ ತಟ್ಟೆಯ ನೋಟ ಅರ್ಧ ಡಿಗ್ರಿಗೂ ಹೆಚ್ಚು, ಚಂದ್ರಬಿಂಬಕ್ಕಿಂತ ಅಗಲ. ಅದರಲ್ಲಿ ಯಾವ ಗೆಲಾಕ್ಸಿ ಎಂದು ಹೇಳುವುದು? 30 ತಟ್ಟೆಗಳ 435 ಜೋಡಿಗಳ ಸಂಕೇತ ಕೂಡಿಸಿದರೆ ಸುಮಾರು 4 ಆರ್ಕ್‌ಸೆಕೆಂಡಿನಷ್ಟು (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಸೂಕ್ಷ್ಮ ವಿವರ ಸಿಗುತ್ತದೆ.

ಆದರೆ ಚಿತ್ರ ಎಷ್ಟು ಸೂಕ್ಷ್ಮವಾದರೂ ದುರ್ಬಲತೆ ಹೋಗದು. ಅದಕ್ಕೆ ಎರಡು ಉಪಾಯ.

ಒಂದು, ಗುರುತ್ವ ಮಸೂರ: ನಡುವಿನ ಭಾರಿ ವಸ್ತುವಿನ ಗುರುತ್ವ ಹಿಂದಿನಿಂದ ಬರುವ ಅಲೆಗಳನ್ನು ಬಾಗಿಸಿ ಕೂಡಿಸುವುದು. 2023ರ ಜನವರಿಯಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ನಬ್ ಚಕ್ರವರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಜಿಎಂಆರ್‌ಟಿ ಬಳಸಿ, ಮೇಲಿನ ಲೆಕ್ಕದ 1.29 ಪಲ್ಲಟದ ಗೆಲಾಕ್ಸಿಯಿಂದಲೇ ಸಂಕೇತ ಸಿಕ್ಕಿದ್ದನ್ನು ಪ್ರಕಟಿಸಿದರು. ನಡುವಿನ ಇನ್ನೊಂದು ಗೆಲಾಕ್ಸಿಯ ಗುರುತ್ವ ಅದನ್ನು ಸುಮಾರು 30 ಪಟ್ಟು ಬಲಪಡಿಸಿತ್ತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಎರಡನೆಯದು ಪೇರಿಸುವ ವಿಧಾನ. ನನಗೆ ಇದೇ ಹೆಚ್ಚು ಫಲದಾಯಕ ಅನಿಸುತ್ತದೆ, ಏಕೆಂದರೆ ಮಸೂರಕ್ಕೆ ಅದೃಷ್ಟ ಕೂಡಿಬರಬೇಕು. ಆಪ್ಟಿಕಲ್ ದೂರದರ್ಶಕದಿಂದ ಪ್ರತಿ ಗೆಲಾಕ್ಸಿಯ ಪಲ್ಲಟ ಮೊದಲೇ ಗೊತ್ತಿದ್ದರೆ, ರೇಖೆ ಎಲ್ಲಿ ಬೀಳಬೇಕೋ ಆ ಜಾಗವನ್ನು ಸಾಲಾಗಿ ಹೊಂದಿಸಿ ಸರಾಸರಿ ತೆಗೆಯಬಹುದು. ಗದ್ದಲ (ಸಂಕೇತವನ್ನು ಮುಚ್ಚುವ ಅಡ್ಡಾದಿಡ್ಡಿ ಏರಿಳಿತ) ಗೆಲಾಕ್ಸಿಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಇಳಿಯುತ್ತದೆ. 2020ರಲ್ಲಿ ಆದಿತ್ಯ ಚೌಧರಿ, ನಿಸ್ಸಿಂ ಕಾನೇಕರ್, ಜಯರಾಮ್ ಚೆಂಗಲೂರ್ ಮತ್ತು ಸಂಗಡಿಗರು 7,653 ಗೆಲಾಕ್ಸಿಗಳನ್ನು ಹೀಗೆ ಪೇರಿಸಿದರು. ವರ್ಗಮೂಲ ಸುಮಾರು 87. ಬಿಡಿಯಾಗಿ ಯಾವುದೂ ಕಾಣಿಸಲಿಲ್ಲ, ಸರಾಸರಿಯಲ್ಲಿ ರೇಖೆ ಎದ್ದು ಬಂತು. ಅಲ್ಲಿ ಸಿಕ್ಕ ಅನಿಲ, ಆ ಅಲೆಗಳು ಹೊರಟ ಕಾಲದ ನಕ್ಷತ್ರ ಹುಟ್ಟುವ ವೇಗಕ್ಕೆ 100–200 ಕೋಟಿ ವರ್ಷಗಳಲ್ಲಿ ಮುಗಿದುಹೋಗುವಷ್ಟೇ. ಹೊರಗಿನಿಂದ ಹೊಸ ಅನಿಲ ಬರುವುದು ಸಾಲದೆ ಹೋದದ್ದರಿಂದಲೇ ಆಮೇಲೆ ನಕ್ಷತ್ರ ಹುಟ್ಟುವುದು ಕುಗ್ಗಿತು ಎಂಬ ವಾದಕ್ಕೆ ಬಲ ಬಂದದ್ದು ಇಲ್ಲಿಂದ.