ಚೆನ್ನಾಗಿ ನಿದ್ದೆ ಮಾಡುವ ಚಿಪ್

ಕೈಯಲ್ಲಿ ಹಿಡಿಯುವ ಕಂಪ್ಯೂಟರ್‌ಗೆ ಯಾವ ಪ್ರೊಸೆಸರ್ ಹಾಕೋಣ ಅಂತ ಮೀಟಿಂಗ್ ಕೂತರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ‘ಎಷ್ಟು ಮೆಗಾಹರ್ಟ್ಸ್?’ ಅಂದರೆ, ಎಷ್ಟು ವೇಗ? ನನ್ನ ಪ್ರಶ್ನೆ ಬೇರೆ. ಕೆಲಸ ಇಲ್ಲದಾಗ ಅದು ಎಷ್ಟು ಕರೆಂಟ್ ಎಳೆಯುತ್ತದೆ?

ಕರೆಂಟ್ ಬಿಲ್ ಕೊಡಲು ಬರುವವರ ಕೈಯ ಮಷೀನನ್ನೇ ನೋಡಿ. ಗೇಟು ತೆಗೆದು, ನಾಯಿ ಇದೆಯಾ ಅಂತ ಇಣುಕಿ, ಮೀಟರ್ ಹತ್ತಿರ ಹೋಗಿ ನಾಲ್ಕೈದು ಅಂಕಿ ಒತ್ತುತ್ತಾರೆ. ಒಂದು ಅಂಕಿಗೂ ಇನ್ನೊಂದಕ್ಕೂ ನಡುವೆ ಅರ್ಧ ಸೆಕೆಂಡ್. ನಮಗೆ ಅದು ಏನೂ ಅಲ್ಲ, ಪ್ರೊಸೆಸರ್‌ಗೆ ಒಂದು ಒಳ್ಳೆ ನಿದ್ದೆ. ಥಟ್ಟನೆ ಮಲಗಿ ಥಟ್ಟನೆ ಏಳಲು ಬಾರದ ಚಿಪ್ ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ ಮಾಡುತ್ತದೆ.

1996ರಲ್ಲಿ ಬಂದ ಜೇಬಿನ ಕಂಪ್ಯೂಟರ್ ಪಾಮ್ ಪೈಲಟ್‌ನಲ್ಲಿ ಇದ್ದ ಚಿಪ್ ಮೊಟೊರೊಲಾದ ಡ್ರ್ಯಾಗನ್‌ಬಾಲ್, ಬರೀ 16 ಮೆಗಾಹರ್ಟ್ಸ್. ಆಗಲೇ ಮೇಜಿನ ಮೇಲಿನ ಕಂಪ್ಯೂಟರಿನ ಪೆಂಟಿಯಂ ಚಿಪ್ ನೂರು ಮೆಗಾಹರ್ಟ್ಸ್ ದಾಟಿತ್ತು. ಆದರೂ ಪೈಲಟ್ ಎರಡು ಸಣ್ಣ ಎಎಎ ಸೆಲ್‌ನಲ್ಲಿ ವಾರಗಟ್ಟಲೆ ನಡೆಯುತ್ತಿತ್ತು. ಪರದೆ ನೋಡಿಕೊಳ್ಳುವ ಭಾಗವೂ ಅದೇ ಚಿಪ್‌ನೊಳಗೆ ಇತ್ತು, ಬೇರೆ ಚಿಪ್‌ಗೆ ಕರೆಂಟ್ ಹಂಚಬೇಕಿರಲಿಲ್ಲ.

ಸಣ್ಣ ಮಷೀನುಗಳಿಗೆಂದು ಮೈಕ್ರೋಸಾಫ್ಟ್ ಮಾಡಿದ ಆಪರೇಟಿಂಗ್ ಸಿಸ್ಟಮ್ ವಿಂಡೋಸ್ ಸಿಇ ಕಥೆಯೇ ಬೇರೆ. ಮಿಪ್ಸ್, ಎಸ್‌ಎಚ್3, ಆರ್ಮ್ ಹೀಗೆ ಬೇರೆ ಬೇರೆ ಜಾತಿಯ ಚಿಪ್ಪುಗಳಿಗೆಲ್ಲ ಜಾಗ ಕೊಟ್ಟಿತು. ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಲು ಜನ ತಮ್ಮ ಮಷೀನಿನ ಚಿಪ್ ಯಾವುದು ಅಂತ ತಿಳಿದಿರಬೇಕು! ಸಿಇ ಮೇಲೇ ಕಟ್ಟಿದ ಪಾಕೆಟ್ ಪಿಸಿ 2002 ಬರುವ ಹೊತ್ತಿಗೆ ಆರ್ಮ್ ಒಂದೇ ಉಳಿಯಿತು.

ನಮ್ಮ ಬೆಂಗಳೂರಿನ ಕೈ ಕಂಪ್ಯೂಟರ್ ಸಿಂಪ್ಯೂಟರ್ ಕೂಡ ಆರ್ಮ್ ಜಾತಿಯದ್ದನ್ನೇ ಆರಿಸಿತು. ಇಂಟೆಲ್‌ನ ಸ್ಟ್ರಾಂಗ್‌ಆರ್ಮ್, 206 ಮೆಗಾಹರ್ಟ್ಸ್, ಅದರ ಮೇಲೆ ನಡೆಯುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಒಳ್ಳೆಯ ಆಯ್ಕೆ. ಆದರೆ ಒಂದು ಕೊಕ್ಕೆ ಇದೆ: ಈ ಚಿಪ್‌ನಲ್ಲಿ ದಶಾಂಶ ಲೆಕ್ಕ ಮಾಡುವ ಭಾಗವೇ ಇಲ್ಲ.

ಇದೇ ಥರದ ಚಿಪ್ ಇದ್ದ ಒಂದು ಬಿಲ್ಲಿಂಗ್ ಮಷೀನಿನಲ್ಲಿ ನಾನೇ ಎಡವಿದ್ದೇನೆ. ರೂಪಾಯಿಯನ್ನು ಸುಮ್ನೆ ದಶಾಂಶದಲ್ಲಿ ಬರೆದಿಟ್ಟೆ. ಪ್ರತಿ ಗುಣಾಕಾರಕ್ಕೂ ಚಿಪ್ ‘ಇದು ನನಗೆ ಗೊತ್ತಿಲ್ಲ’ ಅಂತ ನಿಂತು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಒಪ್ಪಿಸುತ್ತಿತ್ತು. ಕರ್ನಲ್ ಪೂರ್ಣಾಂಕದಲ್ಲೇ ಹೇಗೋ ಲೆಕ್ಕ ಮಾಡಿ ವಾಪಸ್ ಕೊಡಬೇಕು. ಬಿಲ್ ತಡವಾಯಿತು, ನಿದ್ದೆಯ ಹೊತ್ತೆಲ್ಲ ಲೆಕ್ಕಕ್ಕೇ ಹೋಗಿ ಬ್ಯಾಟರಿಯೂ ಬೇಗ ಇಳಿಯಿತು. ಬೈಸಿಕೊಂಡವರು ಬಿಸಿಲಲ್ಲಿ ತಿರುಗುವವರು, ನಾನಲ್ಲ.

ಪರಿಹಾರ ಅಂಗಡಿಯವರಿಗೆ ಗೊತ್ತಿರುವುದೇ: ಪೈಸೆಯಲ್ಲಿ ಎಣಿಸುವುದು. ಯೂನಿಟ್‌ಗೆ 7 ರೂಪಾಯಿ 15 ಪೈಸೆ ಅಂದರೆ 715. ಅದಕ್ಕೆ 143 ಯೂನಿಟ್ ಗುಣಿಸಿದರೆ 1,02,245. ಚುಕ್ಕಿ ಬೇಕಾಗುವುದು ಕಾಗದದ ಮೇಲೆ 1022.45 ಅಂತ ಅಚ್ಚಾಗುವಾಗ ಮಾತ್ರ, ಅಲ್ವಾ?