ಕಠಾರಿ: ಆಯುಧ ಒಂದು, ಹೆಸರಿನ ಜಗಳ ಹಳೆಯದು

ಕಠಾರಿ ಅಂದರೆ ಚೂರಿ, ಬಾಕು. ಹಿಂದಿಯಲ್ಲಿ ಕಟಾರ್, ಮರಾಠಿಯಲ್ಲಿ ಕಟ್ಯಾರ್, ತೆಲುಗಿನಲ್ಲಿ ಕಟಾರಿ, ತಮಿಳಿನಲ್ಲಿ ಕಟ್ಟಾರಿ. ಇಷ್ಟು ಕಡೆ ಇದೆ ಅಂದಮೇಲೆ ಸಂಸ್ಕೃತದ್ದೇ ಇರಬೇಕು ಅನಿಸುತ್ತದೆ, ಅಲ್ವಾ? ಆದರೆ 12ನೇ ಶತಮಾನದಲ್ಲಿ ಗುಜರಾತಿನ ಜೈನ ಪಂಡಿತ ಹೇಮಚಂದ್ರ ‘ಕಟ್ಟಾರೀ’ ಎಂಬ ಮಾತನ್ನು ತನ್ನ ‘ದೇಶೀನಾಮಮಾಲಾ’ದಲ್ಲಿ ಸೇರಿಸಿದ್ದಾನೆ. ಸಂಸ್ಕೃತದ ಮೂಲ ತೋರಿಸಲಾಗದ ಮಾತುಗಳಿಗೆಂದೇ ಮಾಡಿದ ಕೋಶ ಅದು. ನಮ್ಮ ‘ಕತ್ತರಿ’ ಸಂಸ್ಕೃತದ ಕರ್ತರಿಯಿಂದ ಬಂದದ್ದು. ಸದ್ದು ಹತ್ತಿರವಿದೆ ಅಂತ ಕಠಾರಿಯನ್ನೂ ಸುಮ್ನೆ ಅದಕ್ಕೆ ಗಂಟು ಹಾಕಬಾರದು.

ಕನ್ನಡ ನಾಡಿನಲ್ಲಿ ಇದು ಬಿರುದಿಗೂ ಏರಿತು. ವಿಜಯನಗರವನ್ನು ಆಳಿದ ಸಾಳುವರು ‘ಕಠಾರಿ ಸಾಳುವ’ ಎಂದು ಕರೆಸಿಕೊಂಡರು.

ಇಂದು ಮ್ಯೂಸಿಯಂಗಳಲ್ಲಿ ‘ಕಟಾರ್’ ಎಂಬ ಹೆಸರಿನಡಿ ಕಾಣುವ ಆಯುಧ ಮಾಮೂಲಿ ಚೂರಿಯಂತಿಲ್ಲ. ಅದರ ಹಿಡಿ ಅಡ್ಡಕ್ಕಿದೆ. ಎರಡು ಉದ್ದ ಪಟ್ಟಿಗಳ ನಡುವೆ ಅಡ್ಡ ಸರಳು. ಅದನ್ನು ಮುಷ್ಟಿಯಲ್ಲಿ ಹಿಡಿದರೆ ಪಟ್ಟಿಗಳು ಮಣಿಕಟ್ಟಿನ ಎರಡೂ ಬದಿಗೆ ಬರುತ್ತವೆ, ಅಲಗು ಮುಷ್ಟಿಯ ಮುಂದೆ ನೇರ ನಿಲ್ಲುತ್ತದೆ. ಹೀಗಾಗಿ ಗುದ್ದಿದಂತೆಯೇ ತಿವಿಯಬಹುದು, ತೋಳಿನ ಬಲವೆಲ್ಲ ಮೊನೆಗೆ ಹೋಗುತ್ತದೆ. ಮೊನೆಯನ್ನು ದಪ್ಪ ಮಾಡಿದ್ದು ಸರಪಳಿ ಕವಚವನ್ನೂ ಸೀಳಲಿ ಅಂತ. ತಂಜಾವೂರಿನ ಕಟಾರ್‌ಗಳಲ್ಲಿ ಬೆರಳು ಕಾಯುವ ಚಿಪ್ಪಿನಾಕಾರದ ಮುಚ್ಚಳವೂ ಇರುತ್ತದೆ. ಕೆಲವಕ್ಕೆ ಯುರೋಪಿನಿಂದ ಬಂದ ಅಲಗು ಕೂರಿಸಿದ್ದಾರೆ.

ತಕರಾರು ಹುಟ್ಟಿದ್ದು ಈ ಆಯುಧದ ಹೆಸರಿನ ಬಗ್ಗೆ. ಮೊಘಲ್ ದೊರೆ ಅಕ್ಬರನ ಆಡಳಿತವನ್ನು ವಿವರಿಸುವ ಗ್ರಂಥ ‘ಐನ್-ಇ-ಅಕ್ಬರಿ’ಯ ಚಿತ್ರಗಳಲ್ಲಿ ಅಡ್ಡ ಹಿಡಿಯ ಆಯುಧಕ್ಕೆ ‘ಜಮ್‌ಧರ್’ ಎಂಬ ಹೆಸರಿದೆ. ಕಟಾರ ಅಲ್ಲಿ ಬೇರೆಯದೇ ಬಾಕು. 1880ರಲ್ಲಿ ಬಂದ ಲಾರ್ಡ್ ಎಗರ್ಟನ್ ಅವರ ಭಾರತೀಯ ಆಯುಧಗಳ ಕೈಪಿಡಿ ಎರಡು ಹೆಸರನ್ನೂ ಅದಲು ಬದಲು ಮಾಡಿತು, ಇಂಗ್ಲಿಷಿನವರು ಹೇಳಿದ ತಪ್ಪು ಹೆಸರೇ ಉಳಿದುಬಿಟ್ಟಿತು ಎಂದು ಆಯುಧ ತಜ್ಞರಲ್ಲಿ ಕೆಲವರು ಆಕ್ಷೇಪಿಸುತ್ತಾರೆ.

ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. 1340ರ ದಶಕದಲ್ಲಿ ಭಾರತ ಸುತ್ತುತ್ತಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಒಬ್ಬ ಅಧಿಕಾರಿಯನ್ನು ಹಳ್ಳಿಗರು ‘ಕತ್ತಾರ’ದಿಂದ ತಿವಿದು ಕೊಂದದ್ದನ್ನು ಬರೆದಿದ್ದಾನೆ. ಅದು ನೇಗಿಲ ಗುಳದಂತಿರುವ ಕಬ್ಬಿಣದ ಆಯುಧ, ಅದರೊಳಗೆ ಕೈ ತೂರಿಸುತ್ತಾರೆ, ಮುಂಗೈಗೂ ರಕ್ಷಣೆ ಸಿಗುತ್ತದೆ ಎನ್ನುತ್ತಾನೆ. ಕೈ ತೂರಿಸುವ ಆಯುಧಕ್ಕೆ ಈ ಹೆಸರು ಅಕ್ಬರನಿಗಿಂತ 200 ವರ್ಷಕ್ಕೂ ಹಿಂದೆಯೇ ಇತ್ತು. ಆಗ್ರಾದ ದರ್ಬಾರಿನಲ್ಲಿ ಜಮ್‌ಧರ್ ಅಂದಿರಬಹುದು. ಹಳ್ಳಿಯ ಜನರ ಕೈಲಿದ್ದದ್ದು ಮಾತ್ರ ಕಟಾರವೇ.